ಚಿಗರಿಮಡ್ಡಿಯ ಸೀಮೆ ನಡೆದ ಮೈಲಾರಪ್ಪ

ಕಾರೆಕೊಪ್ಪದಲ್ಲಿ ಕುಳವಾಡಿ ಮೈಲಾರಪ್ಪನನ್ನು ಕಂಡರೆ ಆಗುವವರು ಯಾರೂ ಇರಲಿಲ್ಲ. ಅವನ ಹೆಂಡತಿ ಗುಡ್ಡವ್ವನಿಗೂ ಆಗುತ್ತಿರಲಿಲ್ಲ, ಅದನ್ನು ಅವಳು ಮುಚ್ಚಿಡುತ್ತಲೂ ಇರಲಿಲ್ಲ. ಧಾರವಾಡದಲ್ಲಿ ನಮ್ಮ ಆಕಳಿಗೆ ಹುಲ್ಲಿನ ಹೊರೆ ತಂದು ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಹಿತ್ತಲ ಕಟ್ಟೆಯ ಮೇಲೆ ಕೂತು ಅವಳು ಆಡುತ್ತಿದ್ದ ಮೊದಲ ಮಾತೇ, "ಇವತ್ತ ಮುಂಜಾನಿ ಏನಂದ ಗೊತ್ತೈತೇನ್ರೀ ಬಾಯಾರ, ಆ ಮೂಳ" ಎಂದು. ಮೈಲಾರಪ್ಪನ ಸಂಗತಿಯನ್ನು ಹೆಚ್ಚಾಗಿ ಅವಳ ಬಾಯಿಂದ ಕೇಳಿದೆ, ಉಳಿದದ್ದನ್ನು ಮುಂದೆ ಅವನ ಬಾಯಿಂದಲೇ ಕೇಳಿದೆ. ಇಬ್ಬರ ಮಾತೂ ಒಂದಕ್ಕೊಂದು ಕೂಡುವುದು ಅಪರೂಪ. ಕೂಡಿದ್ದಷ್ಟನ್ನು ಬರೆಯುತ್ತೇನೆ.

ಕುಳವಾಡಿಯೆಂದರೆ ಊರಿನ ಚಾಕರಿಯವನು. ಕೇರಿಯಲ್ಲಿ ಮನೆ, ಊರೆಲ್ಲ ಕೆಲಸ. ಗೌಡರು ಕರೆದಾಗ ಹೋಗಬೇಕು, ಕಂದಾಯದ ಗಂಟನ್ನು ಧಾರವಾಡದ ಕಚೇರಿಗೆ ಮುಟ್ಟಿಸಬೇಕು, ಸತ್ತ ದನ ಎಳೆಯಬೇಕು, ಸಾವಿನ ಸುದ್ದಿ ಹೊತ್ತು ಪರವೂರಿಗೆ ಓಡಬೇಕು. ಇದಕ್ಕೆಲ್ಲ ಸುಗ್ಗಿಯಲ್ಲಿ ಒಂದಿಷ್ಟು ಜೋಳ, ವರ್ಷವಿಡೀ ಬೈಗಳು. ಮೈಲಾರಪ್ಪ ಬೈಗಳನ್ನು ಇಟ್ಟುಕೊಳ್ಳುತ್ತಿರಲಿಲ್ಲ, ಅಲ್ಲೇ ತಿರುಗಿಸಿ ಕೊಡುತ್ತಿದ್ದ. ಅದಕ್ಕೇ ಊರಿಗೆ ಅವನ ಮೇಲೆ ಸಿಟ್ಟು.

ಆದರೆ ಒಂದು ಕೆಲಸಕ್ಕೆ ಮಾತ್ರ ಊರು ಅವನ ಮುಂದೆ ಬಾಯಿ ಮುಚ್ಚುತ್ತಿತ್ತು. ಎರಡು ಊರಿನ ನಡುವೆ ಸೀಮೆಯ ಜಗಳ ಬಂದರೆ ಕುಳವಾಡಿ ಮುಂಜಾನೆ ಮೈ ತೊಳೆದುಕೊಂಡು, ದ್ಯಾಮವ್ವನ ಗುಡಿಯ ಹೊರಗೆ ನಿಂತು ಕೈಮುಗಿದು, ಊರ ನೆಲದ ಒಂದು ಹೆಂಟೆಯನ್ನು ಕಂಬಳಿಯಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ನಡೆಯಬೇಕು. ಅವನು ನಡೆದದ್ದೇ ಸೀಮೆ. ಭೂಮಿತಾಯಿಯನ್ನು ಹೊತ್ತವನು ಸುಳ್ಳು ಹೆಜ್ಜೆ ಇಟ್ಟರೆ ರಕ್ತ ಕಾರಿ ಸಾಯುತ್ತಾನೆ ಎಂದು ಜನರ ನಂಬಿಕೆ. ಉಳಿದ ದಿನಗಳಲ್ಲಿ ಗುಡಿಯ ಮೆಟ್ಟಿಲು ಮುಟ್ಟಗೊಡದವರು ಅವತ್ತೊಂದು ದಿನ ಅವನ ಹಿಂದೆ ತಲೆ ತಗ್ಗಿಸಿ ನಡೆಯುತ್ತಿದ್ದರು.

ಕುಳವಾಡಿಗಳ ಮನೆಗಳಲ್ಲಿ ಇನ್ನೊಂದು ಮಾತಿತ್ತು, ಅದನ್ನು ಹೊರಗಿನವರಿಗೆ ಹೇಳುತ್ತಿರಲಿಲ್ಲ. ತನ್ನ ಊರಿಗಾಗಿ ನಡೆಯುವವನು ತುಸು ಅಗಲವೇ ನಡೆಯಬೇಕು. ಎದುರು ಊರಿನ ಕುಳವಾಡಿಯೂ ಅದೇ ಹೊತ್ತಿಗೆ ಮಣ್ಣು ಹೊತ್ತು ಆ ಕಡೆಯಿಂದ ಬರುತ್ತಾನೆ, ಅವನೂ ತನ್ನ ಊರಿಗಾಗಿ ಅಗಲ ನಡೆಯುತ್ತಾನೆ. ಇಬ್ಬರೂ ಎದುರಾದಲ್ಲಿ ನಿಂತು ಬೈದಾಡುತ್ತಾರೆ, ಒಬ್ಬರನ್ನೊಬ್ಬರು ಹಿಂದಕ್ಕೆ ಒತ್ತುತ್ತಾರೆ, ಕಡೆಗೆ ಇಬ್ಬರಿಗೂ ಸಾಕಾದಲ್ಲಿ ಕಲ್ಲು ನಿಲ್ಲುತ್ತದೆ. ಖರೇ ಸೀಮೆ ಇಬ್ಬರ ಅಗಲದ ನಡುವೆ ತಾನಾಗಿ ಬಂದು ಬೀಳುತ್ತದೆ. ಎದುರಿಗೆ ಒತ್ತುವವನೊಬ್ಬ ಇರುವತನಕ ಅಗಲ ನಡೆಯುವುದು ಸುಳ್ಳಲ್ಲ, ಕೆಲಸ.

ಎದುರಿನ ಊರು ನೆರಲಗಟ್ಟಿ. ಅಲ್ಲಿಯ ಕುಳವಾಡಿ ಅರ್ಜುನಪ್ಪ, ಗುಡ್ಡವ್ವನ ಒಡಹುಟ್ಟಿದ ತಮ್ಮ. "ನನ್ನ ಲಗ್ನದಾಗ ಅಕ್ಕಿಕಾಳ ಬೀಳೂದಕ್ಕೂ ಪುರಸೊತ್ತ ಕೊಡ್ಲಿಲ್ರೀ. ಚಿಗರಿಮಡ್ಡಿ ಯಾರದಂತ ಹಂದರದಾಗಽ ಸುರು ಹಚಗೊಂಡ್ರು ಇಬ್ರೂ" ಎಂದು ಗುಡ್ಡವ್ವ ಹೇಳುತ್ತಿದ್ದಳು.

ಚಿಗರಿಮಡ್ಡಿ ಎರಡೂ ಊರಿನ ನಡುವೆ, ಕಾರಿಹಳ್ಳದ ದಂಡೆಯಿಂದ ಮೇಲಕ್ಕೆ ಹಬ್ಬಿದ್ದ ಗಾಯರಾಣ. ಯಾರ ಹೊಲವೂ ಅಲ್ಲದ, ಎಲ್ಲರ ದನ ಮೇಯಬಹುದಾದ ಬೀಳು ನೆಲ. ಕಾರೆ, ಬಾರೆ, ಬಂದರಿಕೆಯ ಕುರುಚಲು, ನಡುನಡುವೆ ಸೊಂಟದೆತ್ತರ ಹುಲ್ಲು. ಚಿಗರಿ ಜಿಂಕೆಗಳ ಹಿಂಡು ಅಲ್ಲಿ ಇರುತ್ತಿತ್ತು, ಚಳಿಗಾಲದಲ್ಲಿ ತೋಳ ಕೂಗುತ್ತಿದ್ದವು, ದೊಡ್ಡ ಯರಭೂತ ಹಕ್ಕಿ ಹುಲ್ಲಿನೊಳಗಿಂದ ಕತ್ತು ಎತ್ತಿ ನೋಡುತ್ತಿತ್ತು. ಕೇರಿಯ ಹೆಂಗಸರು ಅಲ್ಲಿ ಹುಲ್ಲು ಕೊಯ್ದು ಧಾರವಾಡಕ್ಕೆ ಹೊತ್ತು ಟಾಂಗಾದವರಿಗೆ, ಆಕಳ ಮನೆಗಳಿಗೆ ಹಾಕುತ್ತಿದ್ದರು. ಊರ ಬಾವಿಗೆ ಅವರಿಗೆ ಹೋಗಗೊಡುತ್ತಿರಲಿಲ್ಲ. ಮಡ್ಡಿಯ ಬುಡದಲ್ಲಿ ಹಳ್ಳದ ಉಸುಕು ತೋಡಿ ಮಾಡಿದ ವರತಿಯೇ ಕೇರಿಯ ಬಾವಿ. ಗೌಡರ ಬದುವಿನ ಮೇಲೆ ಕಾಲಿಟ್ಟರೆ ಕೇಳುವವರಿದ್ದರು, ಅಯ್ಯನವರ ತೋಟದ ಹತ್ತಿರ ನಿಂತರೆ ಕೇಳುವವರಿದ್ದರು. ಮಡ್ಡಿಯ ಮೇಲೆ ಯಾರನ್ನೂ ಕೇಳದೆ ನಡೆಯಬಹುದಿತ್ತು. ಗುಡ್ಡವ್ವನಿಗೆ ಗೊತ್ತಿದ್ದ ಅಂಥ ನೆಲ ಅದೊಂದೇ.

ಅರವತ್ತೊಂದರ ಬೇಸಿಗೆ. ಹುಬ್ಬಳ್ಳಿಯಲ್ಲಿ ಕೊಡ ಹಿಡಿದು ಬಡಿದಾಡುವಷ್ಟು ನೀರಿನ ಬರ. ಉಣಕಲ್ಲ ಕೆರೆ ಸಾಲದು, ಇದ್ದದ್ದು ಯಾವುದೂ ಸಾಲದು, ಧಾರವಾಡದಲ್ಲೂ ನಳಗಳು ಗಾಳಿ ಊದುತ್ತಿದ್ದವು. ಅದೇ ಹೊತ್ತಿಗೆ ಪಂಢರಿನಾಥ ಎಂಬ ಓವರಸೀಯರರು ಜೀಪು ತೆಗೆದುಕೊಂಡು ಕಾರೆಕೊಪ್ಪಕ್ಕೆ ಬಂದರು. ಗೌಡರ ಮನೆಯಲ್ಲಿ ಊಟ ಆಯಿತು. ಸಂಜೆ ಮೈಲಾರಪ್ಪನಿಗೆ ಕರೆ ಬಂತು.

"ಗಾಯರಾಣದ ಸೀಮಿ ಪಕ್ಕಾ ಮಾಡತಾರಂತಲೇ. ನಕಾಶದಾಗ ಅಲ್ಲಿ ಗೆರಿ ಇಲ್ಲ, ಬರೇ ಚುಕ್ಕಿ ಐತಂತ" ಎಂದರು ಗೌಡರು. ಚುಕ್ಕೆಯ ಜಾಗದಲ್ಲಿ ನಿಲ್ಲಿಸಿದ್ದ ಹಳೆಯ ಕಲ್ಲುಗಳನ್ನು ಎರಡೂ ಊರಿನವರು ಕಿತ್ತು ಒಗೆಯುತ್ತ ಬಂದಿದ್ದರು. "ನಾಳೆ ಮಣ್ಣ ಹೊತ್ತು ನಡಿ. ಅಗಲ ನಡಿ. ನೆರಲಗಟ್ಟಿ ಮಂದಿ ನಮ್ಮ ಹುಲ್ಲ ತಿಂದು ತಿಂದು ದಪ್ಪ ಆಗ್ಯಾರ."

"ಹುಲ್ಲ ದನಾ ತಿಂತಾವ್ರೀ ಗೌಡ್ರ."

"ಅವ್ರಿಗೂ ದನಕ್ಕೂ ಏನ ಫರಕ ಐತಿ?"

ಗೌಡರ ಮಾತಿಗೆ ಮೈಲಾರಪ್ಪ ನಕ್ಕದ್ದು ಅವನ ಜನ್ಮದಲ್ಲಿ ಅದೊಂದೇ ಸಲವಿರಬೇಕು.

ಮರುದಿನ ಅವನು ಹೆಂಟೆ ಹೊತ್ತು ಹೊರಟ. ಹಿಂದೆ ಗೌಡರು, ಊರ ಹಿರಿಯರು, ಅವರ ಹಿಂದೆ ಪಂಢರಿನಾಥರ ಆಳುಗಳು ಸುಣ್ಣ ಬಳಿದ ಕಲ್ಲುಗಳನ್ನು ಹೇರಿದ ಚಕ್ಕಡಿಯೊಡನೆ. ಹಳ್ಳದ ದಂಡೆ ಹಿಡಿದು ನಡೆದು, ಮಡ್ಡಿಯ ನಡುವಿನ ಬಾರೆ ಗಿಡಗಳ ಸಾಲಿಗೆ ಬಂದ. ಹಿಂದೆ ಎಷ್ಟು ಸಲ ನಡೆದಿದ್ದರೂ ಅರ್ಜುನಪ್ಪ ಅವನಿಗೆ ಎದುರಾಗುತ್ತಿದ್ದುದು ಅಲ್ಲಿಯೇ. ಈ ಸಲ ಅಲ್ಲಿ ಯಾರೂ ಇರಲಿಲ್ಲ. ಮೈಲಾರಪ್ಪ ಇನ್ನೂ ಅಗಲಕ್ಕೆ ಹೊರಳಿದ. ಮಡ್ಡಿಯ ಆಚೆ ಇಳಿಜಾರಿನಲ್ಲಿ, ನೆರಲಗಟ್ಟಿಯವರು ತಮ್ಮದೆಂದು ಮೊದಲಿಂದ ಹೇಳುತ್ತ ಬಂದಿದ್ದ ಹುಣಸೆ ಮರದ ಕೆಳಗೆ, ಅರ್ಜುನಪ್ಪ ಬರಿತಲೆಯಲ್ಲಿ ಕೂತು ಬೀಡಿ ಸೇದುತ್ತಿದ್ದ. ಅವನ ಹತ್ತಿರ ಮಣ್ಣೂ ಇಲ್ಲ, ಕಂಬಳಿಯೂ ಇಲ್ಲ.

"ಬಾ ಮಾಮಾ, ಬಾ. ಇನ್ನೂ ಮುಂದ ಬಾ. ಹುಣಸಿ ಗಿಡಾನೂ ತಗೋ" ಎಂದ.

ಮಣ್ಣು ಹೊತ್ತವನು ಮಣ್ಣು ಹೊರದವನೊಡನೆ ಮಾತಾಡಬಾರದು. ಮೈಲಾರಪ್ಪ ಹುಣಸೆ ಮರವನ್ನೂ ಸುತ್ತು ಹಾಕಿ ಬಂದ. ಅವನ ಹಿಂದೆ ಕಲ್ಲುಗಳು ನಿಂತವು. ಇಡೀ ಮಡ್ಡಿ, ಆಚೆಯ ಇಳಿಜಾರು, ಹಳ್ಳದ ಎರಡೂ ದಂಡೆ ಕಾರೆಕೊಪ್ಪದ ಸೀಮೆಯೊಳಗೆ ಬಂದಿದ್ದವು.

ಮನೆಗೆ ಬಂದು ಅವನು ಹೆಂಡತಿಗೆ ಹೇಳಿದ, "ನಿನ್ನ ತಮ್ಮ ಬಾಯಿ ತಗೀಲಿಲ್ಲ ನೋಡ. ನನ್ನ ಮಾರಿ ನೋಡೇ ತಣ್ಣಗಾದ."

ಗುಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು. "ಅರ್ಜುನ್ಯಾ ಬಾಯಿ ತಗೀಲಿಲ್ಲಂದ್ರ ಬಾಯಾಗ ಏನೋ ಇಟಗೊಂಡಾನ" ಎಂದಳು.

ಮಳೆಗೆ ಮೊದಲೇ ಮಡ್ಡಿಯ ಮೇಲೆ ಕೆಂಪು ನಿಶಾನೆಗಳು ಎದ್ದವು. ನೆಲ ಕೊರೆಯುವ ಯಂತ್ರ ಬಂತು. ಕಾರಿಹಳ್ಳಕ್ಕೆ ಅಡ್ಡ ಒಡ್ಡು ಕಟ್ಟುತ್ತಾರೆ, ನೀರು ಹುಬ್ಬಳ್ಳಿಗೆ ಹೋಗುತ್ತದೆ, ಚಿಗರಿಮಡ್ಡಿ ಮುಳುಗುತ್ತದೆ ಎಂಬ ಸುದ್ದಿ ಚಾವಡಿಯಲ್ಲಿ ಕೇಳಿ ಬಂತು. ಕೇರಿಯವರಿಗೆ ಅದನ್ನು ಬಿಡಿಸಿ ಹೇಳಿದವರು ಯಜ್ಞೇಶ್ವರ ಮಾಸ್ತರರು. ಧಾರವಾಡದ ಕಾಲೇಜಿನಲ್ಲಿ ಕಲಿಸಿ ನಿವೃತ್ತರಾದವರು. ಕೊರಳಿಗೆ ದುರ್ಬೀನು ಹಾಕಿಕೊಂಡು ಸೈಕಲ್ಲಿನ ಮೇಲೆ ಮಡ್ಡಿಗೆ ಬಂದು ಚಿಗರಿ, ಯರಭೂತ ನೋಡುತ್ತಿದ್ದರು. ಹುಲ್ಲು ಕೊಯ್ಯುವ ಹೆಂಗಸರನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಹಕ್ಕಿ ತತ್ತಿ ಇಡುವ ಜಾಗದಲ್ಲಿ ಕುಡಗೋಲು ಹಾಕುತ್ತೀರಿ ಎಂದು ಕೂಗಾಡುತ್ತಿದ್ದರು. ಅಂಥವರು ಅವತ್ತು ತಾವಾಗಿ ಕೇರಿಗೆ ಬಂದು, ಮೈಲಾರಪ್ಪನ ಮನೆಯ ಮುಂದೆ ಸೈಕಲ್ ನಿಲ್ಲಿಸಿದರು.

"ಒಡ್ಡಿಗೆ ಎರಡು ಜಾಗಾ ನೋಡಿದ್ದರು" ಎಂದರು. "ಮ್ಯಾಲಿನ ಜಾಗಾದಾಗ ಕಟ್ಟಿದರ ನೆರಲಗಟ್ಟಿಯವರ ಹೊಲಾ ಮುಳಗತಾವ. ಕೆಳಗಿನ ಜಾಗಾದಾಗ ಕಟ್ಟಿದರ ಮಡ್ಡಿ. ಹೊಲದವರು ಕೋರ್ಟಿಗೆ ಹೋಗತಾರ. ಮಡ್ಡಿ ಎರಡು ಊರಿನ ವ್ಯಾಜ್ಯದಾಗ ಇದ್ದಿದ್ದರ ಸರಕಾರ ಅದಕ್ಕೂ ಕೈ ಹಚ್ಚತಿರಲಿಲ್ಲ. ನೀ ಒಬ್ಬನ ನಡದು ವ್ಯಾಜ್ಯ ಮುಗಿಸಿಬಿಟ್ಟಿ. ಈಗ ಪೂರಾ ಒಂದ ಊರಿನ ಗಾಯರಾಣ. ಗೌಡ ಒಬ್ಬ ಹೂಂ ಅಂದರ ಆತು. ಹೂಂ ಅಂದಾನ. ಅವನ ಹೊಲಕ್ಕ ಕಾಲುವಿ ಬರತದ."

ಮೈಲಾರಪ್ಪ ಮಡ್ಡಿಯ ಕಡೆ ಹೊರಳಿ ನೋಡಿದ. ಆಮೇಲೆ, "ಅರ್ಜುನ್ಯಾಗ ಗೊತ್ತಿತ್ತು" ಎಂದ.

"ನೆರಲಗಟ್ಟಿಗೆಲ್ಲಾ ಗೊತ್ತಿತ್ತು. ಅದಕ್ಕ ನಿನಗ ಎದುರು ಬರಲಿಲ್ಲ." ಮಾಸ್ತರರು ದನಿ ತಗ್ಗಿಸಿದರು. "ಮಾಮಲೇದಾರ ಸಾಹೇಬರು ತಕರಾರು ಕೇಳಲಿಕ್ಕೆ ಬರವರಿದ್ದಾರ. ನೀ ಒಂದು ಮಾತು ಹೇಳಿಬಿಡು. ನಾ ಅಗಲ ನಡದೆ, ಅರ್ಧಾ ಮಡ್ಡಿ ನೆರಲಗಟ್ಟಿದು, ಅಂತ. ವ್ಯಾಜ್ಯ ಮತ್ತ ಸುರು ಆಗತದ. ಅಷ್ಟರಾಗ ನಾ ಮಡ್ಡಿಗೆ ಸರಕಾರದಿಂದ ರಕ್ಷಣಾ ತರತೀನಿ. ಚಿಗರಿ ಉಳೀತಾವ."

"ಮಣ್ಣ ಹೊತ್ತು ಸುಳ್ಳ ನಡದೆ ಅಂತ ನನ್ನ ಬಾಯಿಂದಽ ಹೇಳಸ್ತೀರಿ."

"ನಡದೀಯೋ ಇಲ್ಲೋ?"

ಒಳಗಿಂದ ಗುಡ್ಡವ್ವ ಹೊರಗೆ ಬಂದಳು. "ಚಿಗರಿ ಉಳೀತಾವ, ಛಲೋ ಆತ್ರಿ. ನಾವ್ರೀ ಸಾಹೇಬ್ರ? ಅಲ್ಲೆ ಹುಲ್ಲ ಕೊಯ್ಯಾಕ ಬಿಡ್ತೀರೇನ?"

ಮಾಸ್ತರರು ಸುಳ್ಳು ಹೇಳುವವರಲ್ಲ. "ಬಿಡಾಂಗಿಲ್ಲ" ಎಂದರು. "ನೀವು ಬ್ಯಾರೆ ಕಡೆ ಕೊಯ್ದುಕೋಬಹುದು. ಆ ಮೂಕ ಪ್ರಾಣಿ ಎಲ್ಲೆ ಹೋಗಬೇಕು?"

"ಬ್ಯಾರೆ ಕಡೆ ಯಾರ ಹೊಲ ಐತ್ರೀ? ನಿಮ್ದ?"

ಮಾಸ್ತರರು ಸೈಕಲ್ ತಿರುಗಿಸಿಕೊಂಡು ಹೋದರು. ಅವರು ಕೆಟ್ಟವರಲ್ಲ. ಆದರೆ ದೇವರು ಕೊಟ್ಟ ಕಣ್ಣನ್ನು ದುರ್ಬೀನಿನೊಳಗೆ ಇಟ್ಟವರಿಗೆ ದೂರದ್ದು ಹತ್ತಿರ ಕಾಣುತ್ತದೆ, ಕಾಲಬುಡದ್ದು ಕಾಣುವುದೇ ಇಲ್ಲ.

ಅಂದಿನಿಂದ ಗಂಡ ಹೆಂಡಿರ ಜಗಳಕ್ಕೆ ಬೇರೆ ವಿಷಯ ಬೇಕಾಗಲಿಲ್ಲ. ಹೇಳು ಎನ್ನುವವಳು ಗುಡ್ಡವ್ವ, ಹೇಳುವುದಿಲ್ಲ ಎನ್ನುವವನು ಅವನು.

"ಮಾಸ್ತರ ಬಂದು ಬೇಲಿ ಹಾಕಿದರ ಹಾಕ್ಲಿ. ಬೇಲ್ಯಾಗ ಕಿಂಡಿ ಬೀಳತಾವ. ನೀರಾಗ ಬೀಳತಾವೇನ? ಮುಳಗಿದ್ದು ಮತ್ತ ಏಳಂಗಿಲ್ಲ" ಎಂದಳು ಅವಳು.

"ಹೇಳಿದ್ನೆಂದ್ರ ನಾಳೆ ನನ್ನ ಮಾತ ಯಾರ ಕೇಳ್ತಾರ?"

"ಈಗ ಯಾರ ಕೇಳಾಕತ್ತಾರ? ನಿನ್ನ ಮಾತ ನನ್ನ ಮನ್ಯಾಗಽ ನಡ್ಯಂಗಿಲ್ಲ."

"ತಲಿ ಮ್ಯಾಲ ಭೂಮಿತಾಯಿ ಇದ್ಲು."

"ಆಕಿ ನೋಡ್ಯಾಳ ಬಿಡು. ಆಕೀಗ ಗೊತ್ತಿಲ್ಲದ್ದ ಏನರ ಇದ್ರ ಮಾಮಲೇದಾರಗ ಹೇಳಬ್ಯಾಡ."

 ಮೈಲಾರಪ್ಪ ಬಾಗಿಲ ಹೊರಗೆ ಹೋಗಿ ನಾಯಿಗೆ ಬೈದ.

ವಿಚಾರಣೆಯ ದಿನ ಚಾವಡಿಯ ತುಂಬ ಎರಡೂ ಊರಿನ ಜನ. ಮೇಲೆ ಮಾಮಲೇದಾರರು, ಪಂಢರಿನಾಥರು, ಗೌಡರು, ಒಂದು ಬದಿಗೆ ಯಜ್ಞೇಶ್ವರ ಮಾಸ್ತರರು. ಕೆಳಗೆ, ಮೆಟ್ಟಿಲಿನಿಂದ ದೂರಕ್ಕೆ, ಕೇರಿಯವರು. ಮಾಸ್ತರರು ಚಿಗರಿಯ ಬಗ್ಗೆ, ಯರಭೂತದ ಬಗ್ಗೆ ಚೆನ್ನಾಗಿ ಮಾತಾಡಿದರು. ಹುಬ್ಬಳ್ಳಿಯ ಕಡೆಯಿಂದ ಬಂದಿದ್ದ ಒಬ್ಬರು, "ಮಾಸ್ತರ, ನಮ್ಮ ಮನ್ಯಾಗ ಕೂಸು ನೀರ ಕೇಳತದ. ಚಿಗರಿ ಹಾಲು ಕುಡಸೂಣೇನು?" ಎಂದು ಕೇಳಿದರು. ಜನ ನಕ್ಕರು. ಮಾಸ್ತರರು ಕೆಂಪಾಗಿ ಕೂತುಬಿಟ್ಟರು.

ಆಗ ಮೈಲಾರಪ್ಪ ಕೆಳಗಿನಿಂದ ಎದ್ದು ನಿಂತ. ಯಾರೂ ಕರೆದಿರಲಿಲ್ಲ.

"ಸಾಹೇಬ್ರ, ನಾ ಅಗಲ ನಡದೇನ್ರಿ" ಎಂದ. "ಬಾರಿ ಗಿಡದ ಸಾಲಿಗೆ ನಮ್ಮ ಸೀಮಿ ಮುಗೀತೈತ್ರಿ. ಅದರಾಚೆ ನೆರಲಗಟ್ಟೀದು. ಮಣ್ಣ ಹೊತ್ತು ಸುಳ್ಳ ನಡದೇನ್ರಿ ನಾ."

 ಮಣ್ಣು ಹೊತ್ತು ಸುಳ್ಳು ನಡೆದೆನೆಂದು ಸ್ವತಃ ಕುಳವಾಡಿ ಹೇಳಿದ್ದನ್ನು ಎರಡೂ ಊರಿನಲ್ಲಿ ಯಾರೂ ಹಿಂದೆ ಕೇಳಿರಲಿಲ್ಲ. ಒಬ್ಬ ಮುದುಕ ತನ್ನ ಕಿವಿ ಮುಟ್ಟಿಕೊಂಡ.

"ಕುಡದ ಬಂದಾನ್ರೀ" ಎಂದರು ಗೌಡರು.

"ನಿಮ್ಮ ಮನಿಯಿಂದಽ ಬಂದೇನ್ರೀ ಗೌಡ್ರ. ಅಗಲ ನಡಿ ಅಂತ ಹೇಳಿದ್ದೂ ಅಲ್ಲೇ."

ಗೌಡರು ಎದ್ದು ನಿಂತರು. ಮಾಮಲೇದಾರರು ಕೈಸನ್ನೆ ಮಾಡಿ ಕೂರಿಸಿ, ಪಂಢರಿನಾಥರ ಕಡೆ ನೋಡಿದರು. ಪಂಢರಿನಾಥರಿಗೆ ಇಂಥ ಊರುಗಳು ಹೊಸವಲ್ಲ. "ಎದುರು ಊರಿನ ಕುಳವಾಡಿ ಇದ್ದಾನಲ್ಲರಿ. ಅವನ್ನ ಕೇಳೋಣ" ಎಂದರು.

ಅರ್ಜುನಪ್ಪ ಮುಂದೆ ಬಂದು ಕೈಮುಗಿದ. ಅಕ್ಕನ ಕಡೆ ನೋಡಲಿಲ್ಲ.

"ನಮ್ಮ ಮಾಮಾ ಖರೇನಽ ನಡದಾನ್ರಿ" ಎಂದ. "ಮಡ್ಡಿ ಪೂರಾ ಕಾರೆಕೊಪ್ಪದ್ದು. ಹುಣಸಿ ಗಿಡಾನೂ ಅವ್ರದ. ನಮಗೇನೂ ತಕರಾರಿಲ್ರಿ."

"ಮೊದಲಿಂದ ನೀನ ಇವನ ಕೂಡ ಅದಕ್ಕಾಗಿ ಜಗಳಾಡಾಕತ್ತಿದ್ದಿ ಅಂತ ಕೇಳೀನಿ" ಎಂದರು ಮಾಮಲೇದಾರರು.

"ಆಗ ನಾ ಸುಳ್ಳ ಹೇಳತಿದ್ನಿರಿ."

ನೆರಲಗಟ್ಟಿಯವರು ಗೊಳ್ಳೆಂದು ನಕ್ಕರು. ಮಾಮಲೇದಾರರಿಗೂ ಮೀಸೆಯೊಳಗೆ ನಗೆ ಬಂತು. "ಇಂಥಾ ಕೇಸು ನೋಡಿಲ್ಲ" ಎಂದರು. "ತಾ ಸುಳ್ಳಾ ಅಂತ ಒಬ್ಬ ಹೇಳತಾನ, ಅಲ್ಲರೀ ಅವ ಸತ್ಯವಂತ ಅಂತ ಅವನ ವೈರಿ ಹೇಳತಾನ. ಮಣ್ಣು ಹೊತ್ತು ಹೇಳತೀಯೇನಪಾ?"

"ಹೊರತೇನ್ರಿ."

ಅರ್ಜುನಪ್ಪ ಅಲ್ಲಿಯೇ ಬಗ್ಗಿ ಒಂದು ಹೆಂಟೆ ಎತ್ತಿದ. ಹೆಗಲ ಮೇಲಿನ ಕಂಬಳಿಯಲ್ಲಿ ಸುತ್ತಿದ. ಅದು ಗುಡ್ಡವ್ವನ ತಂದೆ ಮಣ್ಣು ಹೊರುತ್ತಿದ್ದ ಕಂಬಳಿ, ಅಂಚಿಗೆ ಅವಳೇ ತೇಪೆ ಹಾಕಿದ್ದಳು. ತಲೆಯ ಮೇಲಿಟ್ಟುಕೊಂಡು, ಸುಣ್ಣದ ಕಲ್ಲುಗಳ ಗುಂಟ, ಬಾವನ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟಂತೆ ಇಡೀ ಮಡ್ಡಿ ಸುತ್ತಿ ಬಂದ. ಎಲ್ಲಿಯೂ ತಡೆಯಲಿಲ್ಲ. ಜನ ಅವನ ಹಿಂದೆ ನಡೆದರು. ಮೈಲಾರಪ್ಪ ಚಾವಡಿಯ ಮುಂದೆ ನಿಂತಲ್ಲೇ ನಿಂತಿದ್ದ. ಹಗೆಯವನ ಬಾಯಿಂದ ಸತ್ಯವಂತ ಅನ್ನಿಸಿಕೊಂಡದ್ದು ಅವನಿಗೆ ಚಪ್ಪಲಿ ಏಟಿಗಿಂತ ಹೆಚ್ಚು ಹತ್ತಿತ್ತು.

ಅರ್ಜುನಪ್ಪ ಮಣ್ಣು ಇಳಿಸಿದಾಗ ಗುಡ್ಡವ್ವ ಅವನ ಎದುರು ಹೋಗಿ ನಿಂತಳು. "ತಮ್ಮಾ, ನಾ ಸತ್ತರ ಸುದ್ದಿ ತಗೊಂಡ ನಿನ್ನ ಊರಿಗೆ ಯಾರೂ ಬರಂಗಿಲ್ಲ. ಹಾದಿ ನೋಡಬ್ಯಾಡ" ಎಂದಳು.

"ನನಗೂ ಊರಾನವ್ರು ಹಿಂಗಽ ಹೇಳು ಅಂದಾರಕ್ಕಾ" ಎಂದ ಅವನು, ನೆಲ ನೋಡುತ್ತ.

"ನಿನ್ನ ಊರಾನವ್ರು ನಿನಗ ಬಾವ್ಯಾಗ ನೀರ ಸೇದಾಕ ಬಿಡ್ತಾರೇನ?"

ಅವನು ಕಂಬಳಿ ಝಾಡಿಸಿ ಹೆಗಲಿಗೆ ಹಾಕಿಕೊಂಡ. ಸೀಮೆ ಕಾಯಮಾಯಿತು, ತಕರಾರು ವಜಾ ಆಯಿತು.

ಮುಂದಿನ ದಿನಗಳು ಮೈಲಾರಪ್ಪನಿಗೆ ಕೆಟ್ಟವು. ಊರಿನವರಿಗೆ ಅವನು ಮಣ್ಣು ಹೊತ್ತು ಸುಳ್ಳಾಡಿದವ. ಮಳೆ ತಡವಾದರೂ ಅವನಿಂದ, ಎಮ್ಮೆ ಕಂದು ಹಾಕಿದರೂ ಅವನಿಂದ. ಗೌಡರು ಸುಗ್ಗಿಯ ಜೋಳ ನಿಲ್ಲಿಸಿದರು. ಕೇರಿಯವರಿಗೆ ಅವನು ಅಗಲ ನಡೆದು ಮಡ್ಡಿ ಕಳೆದವ. ಒಂದೇ ಮನುಷ್ಯನನ್ನು ಒಂದು ಕಡೆಯವರು ನಡೆದದ್ದಕ್ಕೆ, ಇನ್ನೊಂದು ಕಡೆಯವರು ಅದನ್ನು ಒಪ್ಪಿಕೊಂಡದ್ದಕ್ಕೆ ಬೈದರು. ಅವನ ಮನೆಯ ಬಾಗಿಲಿಗೆ ಯಾರೋ ಸೆಗಣಿ ಎರಚಿದರು. ಗುಡ್ಡವ್ವ ಅದನ್ನು ತಟ್ಟಿ ಕುಳ್ಳು ಮಾಡಿ ಗೋಡೆಗೆ ಬಡಿದು, "ಇನ್ನಷ್ಟ ಒಗೀರಿ, ಉರವಲಿಗೆ ಬೇಕು" ಎಂದು ಓಣಿಗೆ ಕೇಳುವಂತೆ ಹೇಳಿದಳು. ಮನೆಯೊಳಗೆ ಮಾತ್ರ ಅವಳೂ ಅವನನ್ನು ಬಿಡಲಿಲ್ಲ. ಮುಂದೆ ವಂಶಪಾರಂಪರ್ಯದ ಊರ ಚಾಕರಿಯ ವತನಗಳೇ ರದ್ದಾಗಿ, ಕುಳವಾಡಿಕೆ ಎಂಬುದು ಸರಕಾರದ ಪ್ರಕಾರ ಇಲ್ಲದಾಯಿತು. ಮೈಲಾರಪ್ಪನ ಬಳಿ ಕಿತ್ತುಕೊಳ್ಳಲು ಆಗ ಏನೂ ಉಳಿದಿರಲಿಲ್ಲ.

ಮಡ್ಡಿಯ ಮೇಲೆ ಲಾರಿಗಳು ಓಡಾಡಿದವು. ಕಲ್ಲು ಸಿಡಿಸುವ ಸದ್ದಿಗೆ ಚಿಗರಿಗಳು ಮೊದಲು ಮೇಲಿನ ಇಳಿಜಾರಿಗೆ, ಆಮೇಲೆ ಹೊಲಗಳಿಗೆ ಓಡಿದವು. ಹೊಲದಲ್ಲಿ ಸಿಕ್ಕವನ್ನು ಜನ ಹೊಡೆದು ತಿಂದರು. ಯರಭೂತ ಒಂದು ದಿನ ಎದ್ದು ಹಾರಿದ್ದು ಮತ್ತೆ ಬರಲಿಲ್ಲ. ಅರವತ್ತೈದರ ಮಳೆಗಾಲದಲ್ಲಿ ನೀರು ನಿಂತಿತು. ವರತಿ ಹೋಯಿತು, ಬಾರೆ ಗಿಡಗಳ ಸಾಲು ಹೋಯಿತು. ಕೇರಿಯ ಹೆಂಗಸರು ಕೆಲ ದಿನ ಒಡ್ಡಿನ ನೀರನ್ನೇ ತುಂಬಿದರು. ಹುಬ್ಬಳ್ಳಿಗೆ ಹೋಗುವ ನೀರು, ಮುಟ್ಟಬಾರದೆಂದು ಅಲ್ಲಿಂದಲೂ ಅಟ್ಟಿದರು.

ಧಾರವಾಡಕ್ಕೆ ಹುಲ್ಲು ಬರುವುದು ಕಡಿಮೆಯಾಯಿತು. ಟಾಂಗಾದವರ ಓಣಿಯ ಗುಲ್ಜಾರಬಿ ಗುಡ್ಡವ್ವನ ಹಳೆಯ ಗಿರಾಕಿ, ಬಾಯಿ ಅವಳಷ್ಟೇ ಹರಿತ. "ಬರೇ ಕೈಲೆ ಬಂದೀಯಲ್ಲ. ನಮ್ಮ ಕುದುರಿ ನಿನ್ನ ಗಂಡನ ಸತ್ಯಾ ತಿಂತೈತೇನ?" ಎಂದು ಕೇಳಿದಳಂತೆ. ನಮ್ಮ ಹಿತ್ತಲಲ್ಲಿ ಕೂತು ಆ ಮಾತು ಹೇಳುವಾಗ ಗುಡ್ಡವ್ವ ನಗಲು ನೋಡಿದಳು, ಆಗಲಿಲ್ಲ.

ಮುಳುಗದೆ ಉಳಿದದ್ದು ಮಡ್ಡಿಯ ಮೇಲಿನ ಇಳಿಜಾರು ಮಾತ್ರ. ಯಜ್ಞೇಶ್ವರ ಮಾಸ್ತರರು ಹಟ ಹಿಡಿದು, ಕಚೇರಿಯಿಂದ ಕಚೇರಿಗೆ ಅಲೆದು, ಅಷ್ಟಕ್ಕೆ ತಂತಿ ಬೇಲಿ ಹಾಕಿಸಿದರು. ಕಾಯಲು ಆಳು ಬೇಕಾಯಿತು. ಪಂಢರಿನಾಥರು ಆ ಕೆಲಸವನ್ನು ಮೈಲಾರಪ್ಪನಿಗೆ ಕೊಡಿಸುತ್ತೇನೆಂದರು. ಕರುಣೆಯೋ ಕುಚೋದ್ಯವೋ, ದೇವರಿಗೇ ಗೊತ್ತು.

"ಒಲ್ಲೆ ಅಂತ ಹೇಳಿ ಬರ್ತೇನಿ" ಎಂದ ಮೈಲಾರಪ್ಪ ಮನೆಯಲ್ಲಿ.

"ತಗೋ" ಎಂದಳು ಗುಡ್ಡವ್ವ. "ಆ ಬಡಿಗಿ ಯಾವನರ ಒಬ್ಬನ ಕೈಗೆ ಹೋಗೂದಽ. ನಿನ್ನ ಕೈಯಾಗಿದ್ರ ಯಾರಿಗೆ ಬೈಯಬೇಕಂತ ನಮಗ ಗೊತ್ತಿರತೈತಿ."

ಅವನು ಖಾಕಿ ಅಂಗಿ ಹಾಕಿಕೊಂಡು, ಬಡಿಗೆ ಹಿಡಿದು ಬೇಲಿಯ ಬಾಯಿಯಲ್ಲಿ ಕೂತ. ಗೌಡರ ದನ ಬಂದರೆ ಮನಸ್ಸಿಟ್ಟು ಅಟ್ಟಿದ, ಅದರಲ್ಲಿ ಅವನಿಗೆ ಸುಖವಿತ್ತು. ನೆರಲಗಟ್ಟಿಯವರು ಬಂದರೆ, "ನಿಮ್ಮ ಅರ್ಜುನಪ್ಪನ ಕೇಳ್ರಿ ಇದು ಯಾರ ಸೀಮಿ ಅಂತ" ಎಂದು ತಿರುಗಿ ಕಳಿಸಿದ. ಕೇರಿಯ ಹೆಂಗಸರು ಕುಡಗೋಲು ಹಿಡಿದು ಬಂದಾಗ ಮಾತ್ರ ಅವನು ಏನೂ ಅನ್ನದೆ, ಅವರಿಗೆ ಬೆನ್ನು ಹಾಕಿ, ನೀರಿನ ಕಡೆ ಮುಖ ಮಾಡಿ ಕೂತ. ಅವರು ಕೊಯ್ದು, ಹೊರೆ ಕಟ್ಟಿ, ಹೋಗುವತನಕ ತಿರುಗಲಿಲ್ಲ. "ಕಳ್ಳರ ಕಾವಲುಗಾರ" ಎಂದು ಗುಡ್ಡವ್ವ ಅವನ ಬೆನ್ನಿಗೆ ಹೇಳಿ ಹೋದಳು. ಹೀಗೆ ಒಂದು ಸುಗ್ಗಿ ಕಳೆಯಿತು.

ಬೇಲಿಯೊಳಗೆ ಹುಲ್ಲು ಬೋಳಾದದ್ದನ್ನು ಮಾಸ್ತರರು ದುರ್ಬೀನಿಲ್ಲದೆಯೂ ಕಂಡರು. ಅವರು ದೂರು ಕೊಟ್ಟರು. ಮೈಲಾರಪ್ಪನ ಕೈಯಿಂದ ಬಡಿಗೆ ಕಸಿದು, ಬೇರೆ ತಾಲೂಕಿನ ಒಬ್ಬನನ್ನು ತಂದು ಕೂರಿಸಿದರು. ಅವನಿಗೆ ಕೇರಿಯವರ ಗುರುತಿಲ್ಲ, ಹೆಸರು ಗೊತ್ತಿಲ್ಲ. ಬೇಲಿ ದಾಟಿದವರನ್ನು ಹೊಡೆಯಲು ಹೇಳಿದ್ದರು, ಅಷ್ಟು ಅವನಿಗೆ ಗೊತ್ತಿತ್ತು.

ಅವನು ಬಂದ ಮರುದಿನವೂ ಗುಡ್ಡವ್ವ ಕುಡಗೋಲು ತೆಗೆದುಕೊಂಡು ಹೊರಟಳು. ಹಿಂದೆ ಉಳಿದ ಹೆಂಗಸರು. ಅವರ ಹಿಂದೆ, ಖಾಕಿ ಅಂಗಿ ಬಿಚ್ಚಿಟ್ಟು, ನೆರೆಮನೆಯಿಂದ ಎರವಲು ತಂದ ಕುಡಗೋಲು ಹಿಡಿದು, ಮೈಲಾರಪ್ಪ.

"ನೀ ಯಾಕ?" ಎಂದಳು ಗುಡ್ಡವ್ವ.

"ಸುಮ್ನ ನಡಿ."

ಗಂಡಸರು ಹುಲ್ಲಿನ ಹೊರೆಗೆ ಹೋಗುವ ಪದ್ಧತಿ ಆ ಕೇರಿಯಲ್ಲಿ ಇರಲಿಲ್ಲ. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಅವನು ತಂತಿ ಎತ್ತಿ ಹಿಡಿದು ಎಲ್ಲರನ್ನೂ ಒಳಗೆ ಬಿಟ್ಟು, ತಾನು ಮುಂದೆ ಹೋಗಿ, ಕಾವಲುಗಾರನಿಗೆ ಕಾಣುವ ಕಡೆಯೇ ಬಗ್ಗಿ ಕೊಯ್ಯಲು ತೊಡಗಿದ. ಕಾವಲುಗಾರ ಕೂಗಿದ, ಓಡಿ ಬಂದ. ಮೊದಲ ಏಟು ಮೈಲಾರಪ್ಪನ ಹೆಗಲ ಮೇಲೆ ಬಿತ್ತು, ಎರಡನೆಯದು ಬೆನ್ನಿನ ಮೇಲೆ. ಅವನು ಮೊಣಕಾಲೂರಿದ, ಆದರೆ ಹಿಡಿದ ಹುಲ್ಲನ್ನು ಬಿಡಲಿಲ್ಲ.

ಗುಡ್ಡವ್ವ ಅವನ ಪಕ್ಕಕ್ಕೆ ಬಂದು ಕೂತಳು. ಕಾವಲುಗಾರನ ಕಡೆ ನೋಡಲಿಲ್ಲ. ಗಂಡನ ಕೈಯಲ್ಲಿದ್ದ ಹಿಡಿಯನ್ನು ನೋಡಿದಳು.

"ಬುಡಕ್ಕ ಹಿಡದ ಕೊಯ್ಯಿ" ಎಂದಳು. "ಮ್ಯಾಲ ಮ್ಯಾಲ ಕೊಯ್ದರ ಹೊರಿ ಕಟ್ಟಾಕ ಬರಂಗಿಲ್ಲ."